ಲಾಳಿಯ ಮೇಲೆ ಹುಲಿಯ ಹಲ್ಲು

ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿರುವುದು ಒಂದು ಹಳೆಯ ಲಾಳಿ. ಮಗ್ಗದಲ್ಲಿ ಅಡ್ಡನೂಲು ಹೊತ್ತು ಆ ಕಡೆಯಿಂದ ಈ ಕಡೆಗೆ ಓಡುವ ಮರದ ತುಂಡು ಅದು. ಎರಡು ತುದಿಯೂ ಚೂಪು, ನಡುವೆ ನೂಲು ಕೂರಲು ಗೂಡು. ಇರುವೆಗಳು ಹೊಳೆ ದಾಟಲೆಂದು ಯಾರೋ ಮಾಡಿಕೊಟ್ಟ ದೋಣಿಯ ಹಾಗೆ ಕಾಣುತ್ತದೆ. ಅದರ ಒಂದು ತುದಿಯಲ್ಲಿ, ಮೇಲೆರಡು ಕೆಳಗೆರಡು, ಗುಳಿಗಳು ಬಿದ್ದಿವೆ. ನಮ್ಮ ಶಾಲೆಯ ಮೇಷ್ಟರುಗಳು ಯಾರಾದರೂ ಮನೆಗೆ ಬಂದರೆ ಕಾಫಿ ಬರುವ ತನಕ ಕೈಗೆ ಕೆಲಸವಿರಲಿ ಎಂದು ಅದನ್ನು ಎತ್ತಿಕೊಳ್ಳುತ್ತಾರೆ.

"ಇದೇನ್ ಸಾರ್, ಗುಳಿ?"

"ಹುಲಿ ಕಚ್ಚಿದ್ದು."

ಅವರು ನಗುತ್ತಾರೆ. ನಾನು ನಗುವುದಿಲ್ಲ. ಈ ಮಾತು ಹೇಳುವಾಗ ನಗುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ.

ಮುಂದಕ್ಕೆ ಹೋಗುವ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ: ನಾನು ಬಿ.ಎ. ಕೋಯಮತ್ತೂರು ಸೀಮೆಯ ಸಿರುಮುಗೈಯ ನೇಕಾರರ ಬೀದಿಯಲ್ಲಿ ಹುಟ್ಟಿ ಬಿ.ಎ. ಆದ ಮೊದಲನೆಯವನು. ಸಂದರ್ಭ ಇರಲಿ ಬಿಡಲಿ ಇದನ್ನು ಹೇಳುತ್ತೇನೆ, ಏಕೆಂದರೆ ಅದು ಸುಮ್ಮನೆ ಬಂದದ್ದಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು, ಪರೀಕ್ಷೆಯಲ್ಲಿ ಇಂಗ್ಲಿಷು. ಮೂರನ್ನೂ ಒಂದೇ ನಾಲಗೆಯ ಮೇಲೆ ಬಾಡಿಗೆಗಿಟ್ಟುಕೊಂಡು ಓದಿದವನು ನಾನು. ಕೋಯಮತ್ತೂರಿನ ಹಾಸ್ಟೆಲಿನಲ್ಲಿ ಹುಡುಗರೆಲ್ಲ ಬಿಳಿ ಕೋಟು ಹಾಕಿಕೊಂಡು ಕಾಲೇಜಿಗೆ ಹೊರಟರೆ, ನನ್ನ ಕೋಟು ಅಪ್ಪ ನೇಯ್ದ ಬಟ್ಟೆಯದು. ಬಟ್ಟೆ ಸಾಲದೆ ಒಳಮಗ್ಗುಲಿಗೆ ಸೀರೆಯ ತುಂಡು ಸೇರಿಸಿದ್ದರು. ಗಾಳಿ ಬಂದಾಗ ಕೋಟು ತೆರೆದುಕೊಂಡು ಒಳಗಿನಿಂದ ಕೆಂಪು ಅಂಚು ಇಣುಕುತ್ತಿತ್ತು. ಹಾಗಾಗಿ ಬಿ.ಎ. ಮುಗಿಯುವವರೆಗೂ ನಾನು ಎದೆಯ ಮೇಲೆ ಕೈ ಕಟ್ಟಿಕೊಂಡೇ ನಡೆದೆ. ಪ್ರೊಫೆಸರುಗಳು ಅದನ್ನು ವಿನಯವೆಂದು ತಿಳಿದರು.

ನಮ್ಮ ಬೀದಿಯಲ್ಲಿ ಎಲ್ಲರೂ ಕನ್ನಡ ಆಡುತ್ತಿದ್ದರು, ಅಕ್ಷರ ಯಾರಿಗೂ ಗೊತ್ತಿರಲಿಲ್ಲ. ಈ ಅಕ್ಷರಗಳನ್ನು ನಾನು ಹಾಸ್ಟೆಲಿನಲ್ಲಿ ಮೈಸೂರು ಸೀಮೆಯ ಗೆಳೆಯನೊಬ್ಬನಿಗೆ ತಮಿಳು ಕಲಿಸಿ, ಬದಲಿಗೆ ತೆಗೆದುಕೊಂಡೆ. ಎಲ್ಲಾದರೂ ಒತ್ತಕ್ಷರ ತಪ್ಪಿದ್ದರೆ ಅವನನ್ನು ಬೈದುಕೊಳ್ಳಿ.

ಹುಲಿಯ ವಿಷಯಕ್ಕೆ ಬರುತ್ತೇನೆ. ಹುಲಿಯ ವಿಷಯವೆಂದರೆ ಅಪ್ಪನ ವಿಷಯ.

ಅಪ್ಪ ನೇಯುತ್ತಿದ್ದುದು ಗುಂಡಿ ಮಗ್ಗದಲ್ಲಿ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕುಳಿತರೆ ತುಳಿಯುವ ಹಲಗೆಗಳು ಗುಂಡಿಯೊಳಗೆ, ಬಟ್ಟೆ ಮಡಿಲಿನ ಮೇಲೆ. ಬೆಳಿಗ್ಗೆ ಇಳಿದವರು ಊಟಕ್ಕೆ ಏಳುತ್ತಿದ್ದರು, ಮತ್ತೆ ಇಳಿದವರು ಬೆಳಕು ಹೋದಮೇಲೆ ಏಳುತ್ತಿದ್ದರು. ಹೀಗೆ ಸೊಂಟದವರೆಗೂ ಭೂಮಿಯೊಳಗಿದ್ದ ಮನುಷ್ಯ ಹೇಳುತ್ತಿದ್ದ ಕಥೆಗಳಲ್ಲಿ ಮಾತ್ರ ಯಾರೂ ಒಂದು ಕಡೆ ಕೂರುತ್ತಿರಲಿಲ್ಲ. ನಮ್ಮ ಹಿರಿಯರು ಭವಾನಿ ಹೊಳೆ ತುಂಬಿ ಹರಿಯುವಾಗ ಗಂಜಿ ಹಾಕಿ ಒಣಗಿಸಿದ ಸೀರೆಯ ಮೇಲೆ ಕುಳಿತು ಆಚೆ ದಡ ಸೇರಿದವರು. ಸೀರೆ ಅಷ್ಟು ಬಿಗಿಯಾಗಿ ನಿಂತಿತ್ತಂತೆ. ನಮ್ಮ ಅತ್ತೆಯೊಬ್ಬಳ ಮದುವೆ ಸೀರೆ ಎಷ್ಟು ನಯವೆಂದರೆ ಹುಣಸೆಬೀಜದ ಸಿಪ್ಪೆಯೊಳಗೆ ಮಡಿಸಿಟ್ಟಿದ್ದರು, ಆಮೇಲೆ ಯಾರೋ ಹುಣಸೆಯೆಂದು ಅದನ್ನು ಸಾರಿಗೆ ಹಾಕಿಬಿಟ್ಟರು. ಇನ್ನು ನಾವು ಮೈಸೂರು ಕಡೆಯಿಂದ ಇಲ್ಲಿಗೆ ಬಂದ ಬಗೆ: ನಮ್ಮ ಕುಲದೇವತೆ ಚೌಡಮ್ಮ ತಾಯಿ ಹಿಂದೆ ಬರುತ್ತೇನೆ, ತಿರುಗಿ ನೋಡಬೇಡಿ ಎಂದಳಂತೆ. ಬೇರೆ ಮನೆಗಳ ಕಥೆಯಲ್ಲಿ ಹಿರಿಯ ಸಂದೇಹ ಬಂದು ತಿರುಗುತ್ತಾನೆ. ನಮ್ಮ ಹಿರಿಯನಿಗೆ ಸಂದೇಹವೇನೂ ಇರಲಿಲ್ಲ. ಹೊಗೆಸೊಪ್ಪಿನ ಚೀಲ ಮರೆತು ಬಂದಿದ್ದ, ಅದಕ್ಕೆ ತಿರುಗಿದ; ತಾಯಿ ಇಲ್ಲೇ ನಿಂತುಬಿಟ್ಟಳು. "ಅದಿಲ್ಲದಿದ್ರೆ ನಾವು ರಾಮೇಶ್ವರದಲ್ಲಿ ಇರ್ತಿದ್ವಿ, ಕಡಲ ಗಾಳಿ ಕುಡೀತಾ," ಎನ್ನುತ್ತಿದ್ದರು ಅಪ್ಪ, ಹೊಗೆಸೊಪ್ಪನ್ನು ದವಡೆಗೆ ಒತ್ತಿಕೊಳ್ಳುತ್ತ.

ಆದರೆ ಎಲ್ಲಕ್ಕೂ ಮೇಲಿನದು ಹುಲಿಯ ಕಥೆ. ಬೀದಿಯವರು ಅಪ್ಪನಿಗೆ ಹುಲಿ ಲಿಂಗಯ್ಯ ಎಂದೇ ಹೆಸರಿಟ್ಟಿದ್ದರು.

ನನ್ನ ಮುತ್ತಾತ ಗುಂಡಿಯಲ್ಲಿ ಕುಳಿತು ಸೀರೆಯ ಸೆರಗು ನೇಯುತ್ತಿದ್ದ. ನೀಲಗಿರಿಯಿಂದ ಇಳಿದು ಬಂದ ಹುಲಿ ಬಾಗಿಲಲ್ಲಿ ನಿಂತಿತು. ಮುತ್ತಾತ ಏಳುವಂತಿಲ್ಲ, ಎದ್ದರೆ ಸೆರಗು ಕೆಡುತ್ತದೆ. "ಇರು ಸಾಮಿ, ಸೆರಗು ಮುಗೀಲಿ" ಎಂದ. ಹುಲಿ ಕುಳಿತಿತು. ಹೊತ್ತು ಹೋಗಲಿಲ್ಲವೆಂದು ನೂಲು ಎಳೆಯಿತು. ಹಸಿದು ಅರಚಿತು, ಮುತ್ತಾತ ರಾಗಿ ಅಂಬಲಿಯಲ್ಲಿ ಬೆರಳು ಅದ್ದಿ ನೆಕ್ಕಿಸಿದ. ಆಮೇಲೆ ನೇಯ್ದ ಬಟ್ಟೆಯ ಮೇಲೆಯೇ ಮಲಗಿ ನಿದ್ದೆ ಹೋಯಿತು. ನಿದ್ದೆಯಲ್ಲಿ ಸೆರಗಿನ ಮೇಲೆ ಉಚ್ಚೆ ಹೊಯ್ದಿತು. ಬಣ್ಣ ಕಲಸಿ ಸೆರಗೆಲ್ಲ ಮಚ್ಚೆ ಮಚ್ಚೆಯಾಗಲು, ಯಾವುದೋ ಜಮೀನ್ದಾರರ ಹೆಂಡತಿ ಇದೇ ಹೊಸ ಮಾದರಿಯೆಂದು ಮೆಚ್ಚಿ ಉಟ್ಟುಕೊಂಡಳು. ಎಚ್ಚರವಾದ ಮೇಲೆ ಹುಲಿ ಲಾಳಿಯನ್ನು ಕಚ್ಚಿತು. ಮುತ್ತಜ್ಜಿ ಸೌಟು ಹಿಡಿದು ಒಳಗಿನಿಂದ ಬಂದದ್ದೇ, ಹೆದರಿ ಮಗ್ಗದ ಕೆಳಗೆ ನುಗ್ಗಿತು.

"ಹುಲಿ ಲಾಳಿ ಯಾಕೆ ಕಚ್ತು?" ಎಂದು ಚಿಕ್ಕವನಿದ್ದಾಗ ಕೇಳಿದ್ದೆ.

"ದವಡೆ ತುರಿಸ್ತಿತ್ತು."

"ಹುಲಿಗೆ ದವಡೆ ತುರಿಸುತ್ತಾ?"

"ನೀನು ಹುಲಿಯೇನೋ, ನಿಂಗೇನ್ ಗೊತ್ತು?" ಎಂದು ಅಪ್ಪ ನನ್ನನ್ನು ಒಂದು ಥರಾ ನೋಡಿ ನಕ್ಕಿದ್ದರು. ಆ ನಗೆ ನನಗೆ ಅರ್ಥವಾಗಿರಲಿಲ್ಲ.

ಕಾಲೇಜು ಸೇರಿ ತರ್ಕಶಾಸ್ತ್ರದ ರುಚಿ ಹತ್ತಿದ ಮೇಲೆ ರಜೆಗೆ ಬಂದಾಗೆಲ್ಲ ಅಪ್ಪನ ಕಥೆಗಳನ್ನು ಪಾಟೀಸವಾಲಿಗೆ ಎಳೆಯುತ್ತಿದ್ದೆ. ಹೋದ ಸಲ ಹುಲಿ ಕೆಳದವಡೆಯಲ್ಲಿ ಕಚ್ಚಿತ್ತು, ಈ ಸಲ ಮೇಲ್ದವಡೆ ಹೇಗೆ? ಹೊಳೆ ತುಂಬಿದ್ದರೆ ಹುಲಿ ದಾಟಿದ್ದು ಹೇಗೆ? ಅಪ್ಪ ಲಾಳಿ ಓಡಿಸುತ್ತ "ಅದನ್ನ ಹುಲೀನ ಕೇಳು" ಎನ್ನುತ್ತಿದ್ದರು. ಸಾಕ್ಷಿ ಬೇಕೆಂದರೆ ಗೋಡೆಯ ಗೂಡಿನಿಂದ ಈ ಲಾಳಿ ತೆಗೆದು ಮುಂದೆ ಹಿಡಿಯುತ್ತಿದ್ದರು. ಬಿ.ಎ. ಕ್ಲಾಸಿನಲ್ಲಿ ಯಾರೂ ಇಂಥ ಸಾಕ್ಷಿಗೆ ಉತ್ತರ ಕಲಿಸಿರಲಿಲ್ಲ.

ಕಷ್ಟ ಬಂದದ್ದು ನಾನು ಪಾಸಾದ ಮೇಲೆ. ಸುದ್ದಿಯನ್ನು ಬೀದಿಗೆ ಹೇಳಿದವರು ಅಪ್ಪ! ಬಿ.ಎ. ಪಾಸಾದ ಎಂದು ಹೇಳಿ ಸುಮ್ಮನಾಗುವ ಬಾಯಿಯೇ ಅದು? ಗವರ್ನರ್ ದೊರೆ ಖುದ್ದಾಗಿ ನನ್ನನ್ನು ಪ್ರಶ್ನೆ ಕೇಳಿದನಂತೆ. ನಾನು ಉತ್ತರ ಕೊಟ್ಟು ತಿರುಗಿ ಒಂದು ಪ್ರಶ್ನೆ ಕೇಳಿದೆನಂತೆ. ದೊರೆ ಬೆವರು ಒರೆಸಿಕೊಂಡು ಹೆಂಡತಿಯ ಮುಖ ನೋಡಿದನಂತೆ. ನಾನು ಗವರ್ನರನ್ನು ಕಂಡದ್ದು ಪತ್ರಿಕೆಯ ಚಿತ್ರದಲ್ಲಿ. ಪರಿಣಾಮ ಏನಾಯಿತೆಂದರೆ, ನಾನು ಪಾಸಾದದ್ದನ್ನು ಬೀದಿಯಲ್ಲಿ ಒಬ್ಬರೂ ನಂಬಲಿಲ್ಲ.

"ಹುಲಿ ಲಿಂಗಯ್ಯನ ಮಗ ಬಿ.ಎ. ಅಂತೆ."

"ಯಾವ ಬಿ.ಎ.? ಹೊಳೆ ದಾಟಿ ಬಂದ ಬಿ.ಎ.ಯಾ?"

ಮದರಾಸಿನಿಂದ ಡಿಗ್ರಿಯ ಕಾಗದ ಇನ್ನೂ ಬಂದಿರಲಿಲ್ಲ. ಎದುರುಮನೆ ಕಾಳಣ್ಣನಂತೂ ನನ್ನನ್ನು ಕಂಡಾಗೆಲ್ಲ, "ಏನ್ ನಂಜುಂಡಿ, ಗವರ್ನರ್ ಸೌಕ್ಯವಾ?" ಎಂದು ವಿಚಾರಿಸುತ್ತಿದ್ದ. ವರುಷಗಟ್ಟಲೆ ಎದೆಯ ಮೇಲೆ ಕೈ ಕಟ್ಟಿಕೊಂಡು ನಡೆದು ಸಂಪಾದಿಸಿದ್ದು ಮುತ್ತಾತನ ಹುಲಿಯ ಬಾಲಕ್ಕೆ ಕಟ್ಟಿಹೋಗಿತ್ತು. ಎರಡು ಕಡೆಯಿಂದ ಹೆಣ್ಣಿನ ಮಾತು ಬಂದು, "ಆ ಮನೇಲಿ ನಿಜ ಯಾವುದು ಪೊಯ್ ಯಾವುದು ಅಂತ ಯಾರು ಆರಿಸ್ತಾ ಕೂರೋದು" ಎಂದು ನಿಂತುಹೋಯಿತು. ಪೊಯ್ ಎಂದರೆ ನಮ್ಮ ಕಡೆ ಸುಳ್ಳು. ಅಪ್ಪನಿಗೆ ಆ ಮಾತು ಹಿಡಿಸುತ್ತಿರಲಿಲ್ಲ. "ಪೊಯ್ ಅನ್ಬೇಡಿ. ಕಥೆ ಅನ್ನಿ," ಎನ್ನುತ್ತಿದ್ದರು.

ಮೂರನೆಯ ಮಾತು ತಂದವನು ಅವ್ವನ ತಮ್ಮ, ಕಾರಮಡೈಯ ಸಿದ್ದಪ್ಪ ಮಾವ. ಹುಡುಗಿಯ ತಂದೆ ಕೋಯಮತ್ತೂರಿನ ಪಕ್ಕದ ಗಣಪತಿ ಎಂಬ ಊರಿನಲ್ಲಿ ಪಂಪು ಮಾಡುವ ಪಟ್ಟರೆ, ಎಂದರೆ ಕಾರ್ಖಾನೆಯಲ್ಲಿ ಮೇಸ್ತ್ರಿ. ನಮ್ಮ ಜನವೇ, ಆದರೆ ನೂಲು ಬಿಟ್ಟು ಕಬ್ಬಿಣಕ್ಕೆ ಹೋದವರು. ಕಿವಿಯ ಮೇಲೆ ಪೆನ್ಸಿಲು, ಜೇಬಿನಲ್ಲಿ ಮಡಚುವ ಅಡಿಕೋಲು; ಅಳೆದು ನೋಡದೆ ದೇವರಿಗೂ ಕೈ ಮುಗಿಯುವವರಲ್ಲ ಎಂದು ಹೆಸರು. ಹುಡುಗಿ ಪಾರ್ವತಿ ಓದು ಬರಹ ಬಲ್ಲವಳು. ನಾನು ಆಕೆಯನ್ನು ಒಮ್ಮೆ ದೂರದಿಂದ ನೋಡಿದ್ದೆ. ಇದು ತಪ್ಪಿದರೆ ಇನ್ನೊಂದು ಬೇಡವೆನ್ನುವಷ್ಟು ದೂರದಿಂದ.

ಮಾವ ಬಂದು ಅಪ್ಪನ ಗುಂಡಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತ.

"ಭಾವಾ, ಅವರು ಮನೆ ನೋಡೋಕೆ ಬರ್ತಾರೆ. ನಂಗೊಂದು ಮಾತು ಕೊಡಿ."

"ಏನಪ್ಪಾ?"

"ಅವತ್ತು ಹುಲಿ ಬೇಡ."

ಅಪ್ಪನ ಕೈಯಲ್ಲಿ ಲಾಳಿ ನಿಂತಿತು.

"ಮರಿ ಹುಲಿ?"

"ಬೇಡ ಭಾವ. ಸೀರೆ ಮೇಲೆ ಹೊಳೆ ದಾಟೋದೂ ಬೇಡ. ಗವರ್ನರ್ ಅಂತೂ ಬೇಡವೇ ಬೇಡ. ಚೌಡಮ್ಮನ ಮೇಲೆ ಆಣೆ ಮಾಡಿ."

ಅಪ್ಪ ಲಾಳಿಯನ್ನು ಮತ್ತೆ ಓಡಿಸುತ್ತ, "ಆಗ್ಲಿ" ಎಂದರು. ನಾನು ಕಂಬದ ಹಿಂದೆ ನಿಂತು ಸಂತೋಷಪಟ್ಟೆ. ಅವ್ವ ಮಾತ್ರ ಒಲೆಯ ಮುಂದಿನಿಂದ, "ನೋಡ್ತಾ ಇರಿ, ಮಾತಿಲ್ದೆ ಈ ಮನುಷ್ಯಂಗೆ ಜ್ವರ ಬರುತ್ತೆ" ಎಂದಳು.

ಹುಡುಗಿಯವರು ಅಮಾವಾಸ್ಯೆಯಂದು ಬರಬೇಕಿತ್ತು. ಅವತ್ತು ನಮ್ಮ ಮಗ್ಗಗಳಿಗೆ ಬಿಡುವು. ಮೇಸ್ತ್ರಿಗಳ ಪಟ್ಟರೆಯಲ್ಲಿ ರಜೆ ಬದಲಾಗಿ, ಹಿಂದಿನ ದಿನವೇ ಬೆಳಿಗ್ಗೆ ಗಾಡಿ ನಮ್ಮ ಬೀದಿಯ ತುದಿಗೆ ಬಂದು ನಿಂತಿತು. ಮುಂದೆ ಬರಲು ದಾರಿಯಿರಲಿಲ್ಲ, ಏಕೆಂದರೆ ಬೀದಿಯ ಉದ್ದಕ್ಕೂ ನಮ್ಮ ಪಾವು ಹಾಸಿತ್ತು.

ಪಾವು ಎಂದರೆ ಹಾಸುನೂಲು, ಸೀರೆಯ ಉದ್ದದ ಎಳೆಗಳು. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಬೀದಿಯಲ್ಲಿ ಬಿದಿರುಗಳ ಮೇಲೆ ಬಿಗಿದು, ಗಂಜಿ ಹಾಕಿ, ಒಣಗುವ ತನಕ ದೊಡ್ಡ ಕುಂಚಗಳಿಂದ ತೀಡಬೇಕು. ಇದು ಒಂದು ಮನೆಯವರ ಕೈಲಾಗುವ ಕೆಲಸವಲ್ಲ. ಇವತ್ತು ನಮ್ಮ ಪಾವಿಗೆ ಬೀದಿಯೆಲ್ಲ ಬರುತ್ತದೆ, ನಾಳೆ ಅವರ ಪಾವಿಗೆ ನಾವು ಹೋಗುತ್ತೇವೆ. ಪಾವಿನ ಎರಡು ಬದಿಗೂ ಎದುರುಬದುರಾಗಿ ನಿಂತು, ಎಲ್ಲರ ಕುಂಚವೂ ಒಟ್ಟಿಗೆ ಏಳಬೇಕು, ಒಟ್ಟಿಗೆ ಇಳಿಯಬೇಕು. ಹೆಚ್ಚುಕಮ್ಮಿಯಾದರೆ ಎಳೆ ಕಿತ್ತುಬರುತ್ತದೆ. ನಿಧಾನವಾದರೆ ಗಂಜಿ ಕಟ್ಟಿ, ಎಳೆಗಳೆಲ್ಲ ಅಂಟಿಕೊಂಡು, ಸೀರೆಯಾಗಬೇಕಾದದ್ದು ಹಪ್ಪಳವಾಗುತ್ತದೆ.

ಕುಂಚಗಳು ಒಟ್ಟಿಗೆ ಏಳುವುದಕ್ಕೆ ಕೆಲವು ಬೀದಿಗಳಲ್ಲಿ ಹಾಡು ಹೇಳುತ್ತಾರೆ. ನಮ್ಮ ಬೀದಿಯಲ್ಲಿ ಅಪ್ಪನ ಕಥೆ. ಅಪ್ಪ ಒಂದು ಮಾತು ಹೇಳುವರು, ಜನ "ಹೂಂ" ಎನ್ನುವರು; ಆ ಹೂಂಗೆ ಸರಿಯಾಗಿ ಕುಂಚ ಇಳಿಯುವುದು. "ಹುಲಿ ಬಂತು"—"ಹೂಂ"—ಸರ್ರನೆ ಒಂದು ತೀಡು. "ಬಾಗಿಲಲ್ಲಿ ನಿಂತು"—"ಹೂಂ"—ಇನ್ನೊಂದು. ಹುಟ್ಟಿದಂದಿನಿಂದ ನೋಡಿದ್ದರೂ, ಹೂಂ ಇಲ್ಲದೆ ಕುಂಚ ನಡೆಯುವುದಿಲ್ಲವೆಂಬುದು ನನಗೆ ಹೊಳೆದಿರಲಿಲ್ಲ. ಮೂಗು ದಿನಾ ಕಾಣುತ್ತದೆಯೆಂದು ಅದನ್ನು ನೋಡುವವರು ಯಾರು?

ಗಾಡಿಯಿಂದ ಮೇಸ್ತ್ರಿಗಳು ಇಳಿದರು, ಅವರ ಹಿಂದೆ ಅವರ ತಾಯಿ, ಪುಟ್ಟ ಬಿಳಿ ತಲೆಯ ಅಜ್ಜಿ. ಜೊತೆಗಿದ್ದ ಸಿದ್ದಪ್ಪ ಮಾವ ದೂರದಿಂದಲೇ ಅಪ್ಪನಿಗೆ ಬಾಯಿ ಹೊಲಿಯುವ ಸನ್ನೆ ಮಾಡಿದ. ಗಂಜಿ ಹಾಕಿ ಆಗಿತ್ತು. ಅಪ್ಪ ಒಮ್ಮೆ ಆ ಕಡೆ ನೋಡಿದರು, ಒಮ್ಮೆ ಪಾವಿನ ಕಡೆ ನೋಡಿದರು, ತುಟಿ ಬಿಗಿದು ಕುಂಚ ಎತ್ತಿದರು.

ಬೀದಿ ಕಾಯಿತು. ಕಥೆ ಬರಲಿಲ್ಲ.

"ಏನ್ ಲಿಂಗಣ್ಣಾ, ಹುಲಿ ಮಲಗಿದೆಯಾ?" ಎಂದ ಕಾಳಣ್ಣ.

ಅಪ್ಪ ತಲೆಯಾಡಿಸಿದರು. ಕುಂಚಗಳು ಇಳಿದವು, ಆದರೆ ಒಂದರ ಹಿಂದೆ ಒಂದು, ಮೆಟ್ಟಿಲು ಇಳಿಯುವ ಕುಂಟರ ಹಾಗೆ. ಕಾಳಣ್ಣನ ಕುಂಚ ಅಪ್ಪನ ಕುಂಚಕ್ಕೆ ಡಿಕ್ಕಿ ಹೊಡೆಯಿತು. ಪಟ್ಟೆಂದು ಎಳೆ ಹೋಯಿತು.

"ಹೂಂ ಅನ್ರಪ್ಪಾ!" ಎಂದು ಯಾರೋ ಕೂಗಿದರು.

"ಏನೂ ಹೇಳ್ದೆ ಏನಂತ ಹೂಂ ಅನ್ನೋದು? ನಾನೇನು ಎತ್ತಾ?"

ಇನ್ನೆರಡು ಎಳೆ ಹೋದವು. ಬಿಸಿಲು ಬೀದಿಗೆ ಕಾಲಿಡುತ್ತಿತ್ತು; ಗಂಜಿ ಅಲ್ಲಲ್ಲಿ ಹೊಳೆಯತೊಡಗಿತು. ಮೇಸ್ತ್ರಿಗಳು ಅಡಿಕೋಲು ತೆಗೆದು ಬಿದಿರಿನ ಎತ್ತರ ಅಳೆಯುತ್ತಿದ್ದರು. ಅಜ್ಜಿ ಜಗುಲಿಯ ಮೇಲೆ ಕುಳಿತು, ಎಲ್ಲರಿಗೂ ಕೇಳುವಂತೆ, "ಸಿದ್ದಪ್ಪಾ, ಹುಡುಗನ ಅಪ್ಪ ಮೂಗನಾ? ನೀನು ಹೇಳ್ಲೇ ಇಲ್ವಲ್ಲ," ಎಂದಳು.

ಅಪ್ಪ ನನ್ನ ಕಡೆ ನೋಡಿದರು. ಅವರು ಮಾತಿಲ್ಲದೆ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಪಾವು ಹಾಳಾದರೆ ಹುಡುಗಿಯವರ ಕಣ್ಣೆದುರಿಗೇ ಹಾಳಾಗುತ್ತದೆ. ನಾನು ಶಲ್ಯ ಸೊಂಟಕ್ಕೆ ಸುತ್ತಿ ಪಾವಿನ ತಲೆಯಲ್ಲಿ ನಿಂತೆ. ಬಿ.ಎ. ಓದಿದವನು ಎಂಬುದನ್ನು ತೋರಿಸಲು ದೇವರು ಕೊಟ್ಟ ಗಳಿಗೆ ಇದೇ ಎಂದುಕೊಂಡು ಗಂಟಲು ಸರಿಮಾಡಿಕೊಂಡೆ.

"ಇಂಗ್ಲೆಂಡು ದೇಶದ ವಾಯವ್ಯ ಭಾಗದಲ್ಲಿ ಲ್ಯಾಂಕಾಶೈರ್ ಎಂಬ ಜಿಲ್ಲೆಯಿದೆ."

ಯಾರೂ ಹೂಂ ಎನ್ನಲಿಲ್ಲ.

"ಅಲ್ಲಿಯ ಹವೆಯಲ್ಲಿ ತೇವಾಂಶ ಅಧಿಕವಾಗಿರುವ ಕಾರಣ ನೂಲು ಸುಲಭವಾಗಿ ತುಂಡಾಗುವುದಿಲ್ಲ."

ಪಟ್ಟೆಂದು ನಮ್ಮ ನೂಲು ತುಂಡಾಯಿತು. ಕಾಳಣ್ಣ ಬಾಯಿ ತುಂಬ ಆಕಳಿಸಿದ. ಆ ಆಕಳಿಕೆ ಪಾವಿನ ಉದ್ದಕ್ಕೂ ಹೋಗಿ, ಆ ತುದಿ ಮುಟ್ಟಿ, ಈ ಬದಿಯಿಂದ ವಾಪಸು ಬಂತು. ನಾನು ಹತ್ತಿಯ ಆಮದು ಸುಂಕಕ್ಕೆ ಬಂದೆ. ಒಬ್ಬ ಕುಂಚವನ್ನು ಕಂಕುಳಲ್ಲಿಟ್ಟುಕೊಂಡು, "ನಾನು ಎಲೆಅಡಿಕೆ ಹಾಕ್ಕೊಂಡು ಬರ್ತೀನಿ," ಎಂದು ಹೊರಟೇಬಿಟ್ಟ. ಗಂಜಿ ಕಟ್ಟುತ್ತಿತ್ತು. ಪಾವಿನ ಆಚೆ ತುದಿಯಲ್ಲಿ ಅಪ್ಪನ ಮುಖ, ಅದರಾಚೆ ಜಗುಲಿಯಲ್ಲಿ ಅಜ್ಜಿಯ ಮುಖ. ನನಗೆ ಏನಾಯಿತೋ ತಿಳಿಯದು.

"ಆಗ ಒಂದು ಹುಲಿ ಬಂತು!" ಎಂದೆ.

"ಹೂಂ!" ಎಂದಿತು ಬೀದಿ. ಸರ್ರನೆ ಕುಂಚಗಳು ಒಂದಾಗಿ ಇಳಿದವು.

ಸಿದ್ದಪ್ಪ ಮಾವ ತಲೆಯ ಮೇಲೆ ಕೈ ಹೊತ್ತು ಕುಳಿತ. ಎಲೆಅಡಿಕೆಗೆ ಹೊರಟವನು ಓಡಿ ಬಂದ. ಅಷ್ಟರಲ್ಲಿ ಬೇರೊಂದು ಕುಂಚಕ್ಕೆ ಕೈ ಸಾಲದೆ, ಯಾರೋ ಅದನ್ನು ತಂದು ಮೇಸ್ತ್ರಿಗಳ ಕೈಗೇ ತುರುಕಿದರು.

"ಲ್ಯಾಂಕಾಶೈರಿನಿಂದಲಾ?" ಎಂದರು ಮೇಸ್ತ್ರಿಗಳು.

"ಇಲ್ಲ, ನೀಲಗಿರಿಯಿಂದ."

"ಹೂಂ." ಸರ್ರ್.

"ಎಷ್ಟು ಅಡಿ ಹುಲಿ?"

"ಬಾಲ ಸೇರಿಸಿಯಾ, ಬಿಟ್ಟಾ?"

ಮೇಸ್ತ್ರಿಗಳು ಯೋಚಿಸಿ, "ಸೇರಿಸಿಯೇ ಹೇಳು," ಎಂದರು. ಆ ಪ್ರಶ್ನೆಯನ್ನು ಯಾರೂ ಅವರಿಗೆ ಹಿಂದೆ ಕೇಳಿರಲಿಲ್ಲವೆಂದು ತೋರುತ್ತದೆ. ಅಲ್ಲಿಂದ ಮುಂದೆ ಅವರ ಹೂಂ ಎಲ್ಲರಿಗಿಂತ ಗಟ್ಟಿಯಾಗಿತ್ತು.

ನನಗೆ ಗೊತ್ತಿದ್ದ ಕಥೆ ಬೇಗ ಬೇಗ ಮುಗಿಯುತ್ತ ಬಂತು; ಪಾವು ಇನ್ನೂ ಹಸಿಯಿತ್ತು. ಹೋದ ಸಲದ ಹುಲಿಯೂ ಈ ಸಲದ ಹುಲಿಯೂ ಯಾಕೆ ಬೇರೆ ಬೇರೆ ಎಂದು ಆಗ ತಿಳಿಯಿತು. ಮೋಡವಿದ್ದ ದಿನ ಪಾವು ನಿಧಾನವಾಗಿ ಒಣಗುತ್ತದೆ. ಅವತ್ತು ಹುಲಿಗೆ ಮರಿಗಳು ಹುಟ್ಟುತ್ತವೆ. ಬಿಸಿಲಿದ್ದ ದಿನ ಹುಲಿ ಒಂಟಿ. ನಾನು ಎಷ್ಟೋ ರಜೆಗಳಲ್ಲಿ ತರ್ಕ ಹಿಡಿದು ಹೊಡೆದದ್ದು ಹವಾಮಾನವನ್ನು! ಹುಲಿಯ ಕಥೆಯನ್ನು ಎಳೆಯಬೇಕಾಗಿ ಬಂದು, ನಾನೂ ಅದರ ಮೂಗಿನ ಮೇಲೆ ಕನ್ನಡಕ ಇಟ್ಟೆ. ಅದು ಮೆಟ್ರಿಕ್ಕಿನ ಗಣಿತದಲ್ಲಿ ಫೇಲಾಗಿ ಬೇಸರದಿಂದ ಕಾಡು ಬಿಟ್ಟಿತ್ತು ಎಂದೆ. ಪಾವಿನಾಚೆ ಅಪ್ಪ ಹುಬ್ಬು ಗಂಟಿಕ್ಕಿದರು. ಆದರೂ ಹೂಂ ಎಂದರು. ಅಪ್ಪನ ಹೂಂ ನಾನು ಕೇಳಿದ್ದು ಅದೇ ಮೊದಲು. ಹೇಳುವವರಿಗೆ ಹೂಂ ಎನ್ನುವ ಅವಕಾಶ ಎಲ್ಲಿರುತ್ತದೆ? ಮುತ್ತಜ್ಜಿ ಸೌಟು ಹಿಡಿದು ಹೊರಬರುವ ಹೊತ್ತಿಗೆ ಎಳೆಗಳು ತಂತಿಯ ಹಾಗೆ ಬಿಡಿಬಿಡಿಯಾಗಿ ನಿಂತಿದ್ದವು.

ಪಾವು ಸುತ್ತಿ ಎಲ್ಲರೂ ಒಳಗೆ ಬಂದೆವು. ಕಾಳಣ್ಣನೂ ಕರೆಯದೆ ಬಂದ. ಅವ್ವ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಮೇಸ್ತ್ರಿಗಳ ಮೀಸೆಗೆ ಗಂಜಿ ಹತ್ತಿ ಎರಡು ಕಡೆಯೂ ನೆಟ್ಟಗೆ ನಿಂತಿತ್ತು. ಯಾರೂ ಹೇಳಲಿಲ್ಲ. ಅವರು ಮುಖವನ್ನು ಗಂಭೀರ ಮಾಡಿಕೊಂಡು, "ಲಿಂಗಯ್ಯನವರೇ, ಒಂದು ಮಾತು ಬಿಡಿಸಿ ಕೇಳ್ತೀನಿ," ಎಂದರು. "ನಿಮ್ಮ ಮನೆಯ ಕಥೆ ಗಣಪತಿ ತನಕ ಬಂದಿದೆ. ನಿಮ್ಮ ಹುಡುಗ ಬಿ.ಎ. ಅನ್ನೋದು..."

"ಇದೂ ಹುಲೀನಾ ಅಂತ ಕೇಳ್ತಾವ್ರೆ," ಎಂದು ಕಾಳಣ್ಣ ಬಿಡಿಸಿ ಹೇಳಿದ.

ಅಪ್ಪ ಬಾಯಿ ತೆರೆದರು, ಸಿದ್ದಪ್ಪ ಮಾವನನ್ನು ನೋಡಿದರು, ಮುಚ್ಚಿದರು. ಆಣೆ ಇನ್ನೂ ಇಳಿದಿರಲಿಲ್ಲ. ಈಗಷ್ಟೇ ಬೀದಿಯ ನಡುವೆ ನಿಂತು ಹುಲಿಗೆ ಕನ್ನಡಕ ಹಾಕಿದವನು ತನ್ನ ಡಿಗ್ರಿ ನಿಜವೆಂದು ಯಾವ ಬಾಯಲ್ಲಿ ಹೇಳಬೇಕು?

ಅಜ್ಜಿ ಲೋಟ ಕೆಳಗಿಟ್ಟಳು.

"ಹುಡುಗ ಬಿ.ಎ.ನೇ," ಎಂದಳು.

"ಹೆಂಗೆ ಹೇಳ್ತೀಯವ್ವಾ?" ಎಂದರು ಮೇಸ್ತ್ರಿಗಳು.

"ಮೊದ್ಲು ಅದೇನೋ ಹೇಳ್ದನಲ್ಲ, ತೇವ, ಸುಂಕ, ಆ ಊರು ಈ ಊರು. ಅಷ್ಟು ಸಪ್ಪೆ ಮಾತನ್ನ ಮನುಷ್ಯ ಆದೋನು ಕಟ್ಟಿ ಹೇಳೋಕೆ ಆಗುತ್ತೇನೋ? ಅದನ್ನ ದುಡ್ಡು ಕೊಟ್ಟು ಓದ್ಕೊಂಡೇ ಬಂದಿರ್ಬೇಕು."

ಮೇಸ್ತ್ರಿಗಳು ಕಿವಿಯ ಮೇಲಿನ ಪೆನ್ಸಿಲು ತೆಗೆದು, ಏನೂ ಬರೆಯದೆ, ಮತ್ತೆ ಅಲ್ಲೇ ಇಟ್ಟರು. "ನ್ಯಾಯವೇ," ಎಂದರು. ಕಾಳಣ್ಣನೂ, "ಹೌದೌದು, ನಂಗೆ ನಿದ್ದೆಯೇ ಬಂದಿತ್ತು," ಎಂದು ಸಾಕ್ಷಿ ಹೇಳಿದ. ಅಂದಿನಿಂದ ನಮ್ಮ ಬೀದಿಯಲ್ಲಿ ನಾನು ಬಿ.ಎ.; ಮದರಾಸಿನ ಕಾಗದ ಆಮೇಲೆ ಬಂದಾಗ ಯಾರೂ ಅದನ್ನು ನೋಡಲೂ ಕೇಳಲಿಲ್ಲ.

"ಹುಲಿ ಕಚ್ಚಿದ ಲಾಳಿ ಇದೆಯಂತಲ್ಲ, ತಾ ಕಣ್ಣು," ಎಂದಳು ಅಜ್ಜಿ ನನಗೆ, ಮುದ್ದಿನ ಮಕ್ಕಳನ್ನು ನಮ್ಮ ಕಡೆ ಕರೆಯುವ ಹಾಗೆ.

ನಾನು ಗೂಡಿನಿಂದ ತಂದುಕೊಟ್ಟೆ. ಆಕೆ ಗುಳಿಗಳ ಮೇಲೆ ಕಿರುಬೆರಳು ಆಡಿಸಿದಳು. ಮೇಸ್ತ್ರಿಗಳು ತಡೆಯಲಾರದೆ ಅಡಿಕೋಲು ಬಿಚ್ಚಿ ಅಳೆದರು. "ಈ ಹುಲಿ ನಮ್ಮನೆ ಬೆಕ್ಕಿಗಿಂತ ಚಿಕ್ಕದು," ಎಂದರು.

ಅಜ್ಜಿ ಅವ್ವನ ಕಡೆ ತಿರುಗಿದಳು. "ಯಾರದಮ್ಮಾ ಇದು? ಮೇಲೆರಡು ಕೆಳಗೆರಡು. ನಾನು ಎಷ್ಟು ಕೂಸು ಸಾಕಿಲ್ಲ!"

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಆಮೇಲೆ ಸೌಟಿನಿಂದ ನನ್ನನ್ನು ತೋರಿಸಿದಳು.

"ಇವನದೇ. ಆ ವರ್ಷ ನಂಗೆ ಚಳಿಜ್ವರ, ಎದ್ದು ಕೂರೋಕೆ ಆಗ್ತಿರ್ಲಿಲ್ಲ. ಕೂಸನ್ನ ನೋಡೋರಿಲ್ಲ. ಇವ್ರು ಗುಂಡಿ ಪಕ್ಕದಲ್ಲೇ ಕೂರಿಸ್ಕೊಂಡು ನೇಯೋರು. ಕೂಸು ನೂಲು ಎಳೆಯೋದು, ಅರಚೋದು. ಎತ್ಕೊಳೋಕೆ ಕೈ ಬಿಡುವಿಲ್ಲ. ಸುಮ್ನಿರ್ಲಿ ಅಂತ ಏನೇನೋ ಹೇಳೋಕೆ ಶುರು ಮಾಡಿದ್ರು. ಅದಕ್ಕೆ ಮುಂಚೆ ಇವ್ರಿಗೆ ಬಾಯಿತ್ತಾ ಅಂತೀರಾ? ಮದುವೆಯಾಗಿ ಅಷ್ಟು ದಿನಕ್ಕೆ 'ಉಪ್ಪು ಕಮ್ಮಿ' ಅಂದಿದ್ದು ಬಿಟ್ರೆ ಮಾತೇ ಕೇಳಿರ್ಲಿಲ್ಲ ನಾನು."

ನಾನು ಮಜ್ಜಿಗೆ ಲೋಟ ಕೆಳಗಿಟ್ಟು ಆ ನಾಲ್ಕು ಗುಳಿಗಳನ್ನು ನೋಡಿದೆ. ಅಂಬಲಿ ನೆಕ್ಕಿದ ಹುಲಿ. ಬಟ್ಟೆಯ ಮೇಲೆ ನಿದ್ದೆ ಹೋದ ಹುಲಿ. ದವಡೆ ತುರಿಸಿದ ಹುಲಿ. ಸೌಟಿಗೆ ಹೆದರಿದ ಹುಲಿ, ಈಗಲೂ ಹೆದರುತ್ತೇನೆ. ಮುತ್ತಾತನ ಹೆಸರಿನಲ್ಲಿ ಅಪ್ಪ ಇಷ್ಟು ವರುಷ ಬೀದಿಗೆಲ್ಲ ಹೇಳಿಕೊಂಡು ಬಂದದ್ದು ಗುಂಡಿಯಿಂದ ಏಳಲಾಗದ ಒಬ್ಬ ಮನುಷ್ಯನ ಬಳಿಗೆ ನಾನು ತೆವಳಿಕೊಂಡು ಬಂದ ಕಥೆಯನ್ನು. ಎಲ್ಲವೂ ನಿಜವಿತ್ತು, ಹುಲಿಯೊಂದನ್ನು ಬಿಟ್ಟು. ಆ ಕಥೆಯನ್ನೇ ನಾನು ತರ್ಕಶಾಸ್ತ್ರ ಹಿಡಿದು ಸುಳ್ಳೆಂದು ಸಾಧಿಸಲು ಹೊರಟಿದ್ದೆ.

ಸೆರಗಿನ ಮೇಲಿನ ಮಚ್ಚೆಗಳ ವಿಷಯ ಕಾಳಣ್ಣನಿಗೆ ಹೊಳೆಯುವ ಮೊದಲೇ ಮಾತು ತಿರುಗಿಸಬೇಕೆಂದು ಬಾಯಿ ತೆರೆದೆ. ಅವನಿಗೆ ಆಗಲೇ ಹೊಳೆದಿತ್ತು. "ಹಂಗಾದ್ರೆ ಆ ಜಮೀನ್ದಾರರ ಹೆಂಡ್ತಿ ಉಟ್ಟಿದ್ದು..." ಎಂದು ಅವನು ಶುರುಮಾಡಲು, ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಮೇಸ್ತ್ರಿಗಳ ಮೀಸೆಯ ಗಂಜಿ ಒಡೆದು ಉದುರಿತು.

ನಗದೆ ಕುಳಿತವರು ಅಪ್ಪ ಒಬ್ಬರೇ. ಎಲ್ಲರೂ ಅವರ ಮುಖ ನೋಡಿದರು. ಸಿದ್ದಪ್ಪ ಮಾವ ಕೈ ಮುಗಿದು, "ಮಾತಾಡಿ ಭಾವ, ಆಣೆ ಇಳೀತು," ಎಂದ. ಅಪ್ಪ ಲಾಳಿಯನ್ನು ಅಜ್ಜಿಯ ಕೈಯಿಂದ ತೆಗೆದುಕೊಂಡು ಪಂಚೆಯಲ್ಲಿ ಒರೆಸಿ, ಗೂಡಿನಲ್ಲಿಟ್ಟು, ತಣ್ಣಗೆ ಹೇಳಿದರು:

"ಹುಲಿಮರಿಗೂ ಹಾಲುಹಲ್ಲು ಇರ್ತವಲ್ಲಾ."

ಮದುವೆ ಗೊತ್ತಾಯಿತು. ಗಾಡಿ ಹೋದ ಮೇಲೆ ಅಪ್ಪ ನನ್ನನ್ನು ಗುಂಡಿಯ ಹತ್ತಿರ ಕರೆದರು. ಹೊಗಳುತ್ತಾರೆಂದು ಹೋದೆ.

"ಚೆನ್ನಾಗೇ ಹೇಳ್ದೆ. ಆದ್ರೆ ಕನ್ನಡಕ ಯಾಕೋ ಹಾಕ್ದೆ? ಜನ ನಂಬೋ ಹಂಗೆ ಹೇಳ್ಬೇಕು."

ಇದೆಲ್ಲ ಆಗಿ ಕೆಲವು ವರುಷಗಳಾದವು. ಈಗ ನಾನು ಕೋಯಮತ್ತೂರಿನ ಹೈಸ್ಕೂಲೊಂದರಲ್ಲಿ ಮೇಷ್ಟ್ರು. ಲ್ಯಾಂಕಾಶೈರ್ ಪಾಠ ಮಾಡುವಾಗ ಹುಡುಗರು ಆಕಳಿಸಿದರೆ ಬೇಸರವಾಗುವುದಿಲ್ಲ, ಪಾಠ ಸತ್ಯವಾಗಿದೆ ಎಂದು ಧೈರ್ಯ ಬರುತ್ತದೆ. ಲಾಳಿಯನ್ನು ಮದುವೆಯ ಮರುದಿನ ಅಪ್ಪನೇ ಪಾರ್ವತಿಯ ಕೈಗೆ ಕೊಟ್ಟರು.

ಈ ಪ್ರಬಂಧ ಬರೆಯಲು ಕುಳಿತದ್ದು ನಿನ್ನೆ ನಡೆದ ಒಂದು ಸಂಗತಿಯಿಂದ. ಪಾರ್ವತಿ ಒಳಗಿದ್ದಳು, ನಾನು ಪರೀಕ್ಷೆಯ ಉತ್ತರಗಳನ್ನು ತಿದ್ದುತ್ತಿದ್ದೆ, ಕೈ ಬಿಡುವಿರಲಿಲ್ಲ. ನಮ್ಮ ಕೂಸು ತೆವಳಿಕೊಂಡು ಬಂದು, ಮೇಜಿನ ಕಾಲು ಹಿಡಿದು ನಿಂತು, ಲಾಳಿಯನ್ನು ಎಳೆದುಕೊಂಡು ಬಾಯಿಗೆ ಹಾಕಿಕೊಂಡಿತು. ಕಸಿದುಕೊಂಡರೆ ಅರಚಿತು. ಕೊಟ್ಟೆ. ಊರಿನಿಂದ ಬಂದಿದ್ದ ಅಪ್ಪ ಮೂಲೆಯಲ್ಲಿ ಕುಳಿತು ನೋಡುತ್ತಿದ್ದವರು ಏನೂ ಹೇಳದೆ ಮೆಟ್ಟು ಹಾಕಿಕೊಂಡು ಹೊರಗೆ ಹೋದರು.

ಸಂಜೆ ಹಾಲಿನವಳು ಪಾತ್ರೆಗೆ ಹಾಲು ಹೊಯ್ಯುತ್ತ ಬಾಗಿಲಿಂದ ಒಳಗೆ ಇಣುಕಿದಳು.

"ಸಾರ್, ನಿಮ್ಮನೇಗೆ ಮಧ್ಯಾಹ್ನ ಹುಲಿ ಬಂದಿತ್ತಂತೆ?"

ನಾನು ಲಾಳಿಯನ್ನು ಎತ್ತಿ ಬೆಳಕಿಗೆ ಹಿಡಿದೆ. ಹಳೆಯ ಗುಳಿಗಳ ಪಕ್ಕದಲ್ಲಿ ಒದ್ದೆಯಾಗಿ ಎರಡು ಹೊಸ ಗೀರುಗಳಿದ್ದವು.

"ಹೂಂ," ಎಂದೆ.